ಹನ್ನೊಂದು ನಾಯಿಕಿವಿ

ಮೈದಾ ಗಂಜಿಗೆ, ಹುಳ ಬೀಳದಿರಲೆಂದು, ಚಿಟಿಕೆ ಮೈಲುತುತ್ತ ಹಾಕಿ ಕುದಿಸುವಾಗ ಏಳುವ ವಾಸನೆ ಅಲಮೇಲಮ್ಮನಿಗೆ ಚಿಕ್ಕಂದಿನದು. ಬೀರೂರಿನಲ್ಲಿ ಅವರ ಅಪ್ಪ ಸ್ಕೂಲು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಈಗ ಅಜ್ಜಂಪುರದ ಅವರ ಅಡುಗೆಮನೆಯಲ್ಲಿ, ರೊಟ್ಟಿ ಕಾವಲಿಯ ಪಕ್ಕದ ಒಲೆಯ ಮೇಲೆ, ಗಂಡ ಗುಂಡಣ್ಣ ಹಳೇ ಡಬರಿಯಲ್ಲಿ ಅದೇ ಅಂಟನ್ನು ಕುದಿಯಲು ಇಟ್ಟು ಹಜಾರಕ್ಕೆ ಹೋಗಿದ್ದರು. ಹಜಾರದಲ್ಲಿ ವಿಚಾರಣೆ ನಡೆದಿತ್ತು.

"ಡಾಗ್ ಇಯರ್ ಅಂದ್ರೇನು, ಹೇಳಮ್ಮ."

"ನಾಯಿ ಕಿವಿ ಸರ್," ಎಂದಳು ಬಾಗಿಲ ಬಳಿ ನಿಂತಿದ್ದ ಹಾಸ್ಟೆಲ್ ಹುಡುಗಿ ಅನುಪಮಾ.

"ನಾಯಿ ಮೇಲಿದ್ರೆ ನಾಯಿ ಕಿವಿ. ಪುಸ್ತಕದ ಮೇಲಿದ್ರೆ ಪುಟದ ಮೂಲೆ ಮಡಚಿರೋದು. ಅದು ನಾಮಪದ. ಮಡಚೋ ಕೆಲಸಕ್ಕೂ ಅದೇ ಮಾತು, ಆಗ ಕ್ರಿಯಾಪದ. ಡಾಗ್ ಇಯರ್ಡ್ ಅಂದ್ರೆ ಹಾಗೆ ಮಡಚಿ ಮಡಚಿ ಜೋಲುಬಿದ್ದ ಪುಸ್ತಕ, ವಿಶೇಷಣ. ನೀನು ವ್ಯಾಕರಣ ಪೂರ್ತಿ ಮುಗಿಸಿದೀಯ! ಹೋದ ವಾರ ಭಾನುವಾರ ಬೆಳಿಗ್ಗೆ ಹನ್ನೊಂದು ಕಿವಿ ಬಿಡಿಸಿ ಇಸ್ತ್ರಿ ಹಾಕಿದ್ದೆ. ನಿನ್ನೆ ನೋಡಿದ್ರೆ ಮತ್ತೆ ಹನ್ನೊಂದು. ಕಾರ್ಡ್ ಕೊಡು."

ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾದ ಮೇಲೆ ಗುಂಡಣ್ಣ ಬೀದಿಯ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದರು. ಶನಿವಾರ ಸಂಜೆ ಜಖಂ ಆದ ಪುಸ್ತಕಗಳನ್ನು ಮನೆಗೆ ತಂದು, ಭಾನುವಾರ ಬೆಳಿಗ್ಗೆ ಮಡಿಕೆ ಬಿಡಿಸಿ, ಸೋಮವಾರ ಅಂಟು ಹಾಕಿ ಒಯ್ಯುವುದು ಅವರ ಪದ್ಧತಿ. ಅಂದು ಸೋಮವಾರ. ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಯ ಆ ದಪ್ಪ ಗೈಡು ವಾಚನಾಲಯದಲ್ಲಿ ಇದ್ದದ್ದು ಒಂದೇ. ಓದುತ್ತಿದ್ದವಳೂ ಅನುಪಮಾ ಒಬ್ಬಳೇ. ಪರೀಕ್ಷೆಗೆ ಹದಿನೆಂಟು ದಿನ. ಕಾರ್ಡು ಹೋದರೆ ಪುಸ್ತಕವೂ ಹೋಯಿತು.

ಅಲಮೇಲಮ್ಮ ರೊಟ್ಟಿ ತಿರುವಿಹಾಕುವುದನ್ನು ಮರೆತರು. ಭಾನುವಾರ ಮಧ್ಯಾಹ್ನ ಗಂಡ ಗೊರಕೆ ಹೊಡೆಯುವಾಗ, ಒಲೆಯ ಪಕ್ಕ ನಿಂತು ಆ ಗೈಡನ್ನು ಓದುತ್ತಿದ್ದವರು ಅವರೇ. ಹಾಲು ಉಕ್ಕಿದರೆ ಒಂದು ಮೂಲೆ, ಕುಕ್ಕರ್ ಕೂಗಿದರೆ ಇನ್ನೊಂದು. ಹೀಗೇ ಪಹಣಿ, ಖಾತೆ ಬದಲಾವಣೆ ಎಲ್ಲ ಮುಗಿಸಿ ಜನನ ಮರಣ ನೋಂದಣಿಗೆ ಬಂದು ನಿಂತಿದ್ದರು. ಒಪ್ಪಿಕೊಳ್ಳೋಣವೆಂದರೆ, ಒಂದೇ ಒಂದು ಪುಟ ಮಡಚಿದ್ದಕ್ಕೆ ಸ್ವಂತ ಭಾವಮೈದುನನ ಜೊತೆ ಎರಡು ವರ್ಷ ಮಾತು ಬಿಟ್ಟ ಮನುಷ್ಯ ಈತ.

"ನಾನು ಮಡಚಲ್ಲ ಸರ್, ಟಿಕೆಟ್ ಇಡ್ತೀನಿ," ಕಾರ್ಡನ್ನು ಅವರ ಕೈಗಿಡುತ್ತಾ ಅನುಪಮಾ ಹೇಳಿದಳು. "ತರೀಕೆರೆ ಕೋಚಿಂಗಿಗೆ ಹೋಗಿ ಬರೋ ಫ್ರೀ ಬಸ್ಸಿನ ಟಿಕೆಟ್ಟು. ದಿನಾ ಎರಡು ಸಿಗ್ತವೆ."

"ಟಿಕೆಟ್ಟೂ ಇದೆ, ಕಿವೀನೂ ಇದೆ!" ಗುಂಡಣ್ಣ ಪುಸ್ತಕವನ್ನು ತಲೆಕೆಳಗು ಮಾಡಿ ಕೊಡವಿದರು. ಟಿಕೆಟ್ಟುಗಳು ಉದುರಿದವು. ಅವುಗಳ ಹಿಂದೆ ಒಂದು ಸಾಸಿವೆ ಕಾಳು ಬಿದ್ದು, ಉರುಳಿ, ಅವರ ಕಾಲ ಬಳಿ ನಿಂತಿತು. ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಕನ್ನಡಕದ ಹತ್ತಿರ ಹಿಡಿದರು. "ಏನಮ್ಮಾ, ಓದ್ತಾ ಓದ್ತಾ ಒಗ್ಗರಣೇನೂ ಹಾಕ್ತೀಯಾ?"

"ಹಾಸ್ಟೆಲ್ ರೂಮಲ್ಲಿ ಒಲೇನೇ ಇಲ್ವಲ್ಲ ಸರ್."

ಅಲಮೇಲಮ್ಮ ಎರಡೂ ಒಲೆ ಆರಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದರು. "ರೀ, ಆ ಸಾಸಿವೆ ನಂದು."

"ಸಾಸಿವೆ ಮಾತ್ರಾನಾ?"

"ಹನ್ನೊಂದು ಕಿವೀನೂ. ಅದಕ್ಕೆ ಮುಂಚಿನ ಹನ್ನೊಂದೂ."

ಗುಂಡಣ್ಣ ಪುಸ್ತಕ ಕೆಳಗಿಟ್ಟರು. "ಕಾರ್ಡ್ ಇಲ್ದೇ ಓದಿದೀಯಾ?"

"ಮೂವತ್ತೊಂಬತ್ತು ವರ್ಷ ಆಯ್ತು ಈ ಮನೆಗೆ ಬಂದು. ಒಂದು ಕಾರ್ಡ್ ಮಾಡಿಸ್ಕೊಟ್ರಾ ನೀವು?"

ಅನುಪಮಾ ಇಬ್ಬರನ್ನೂ ನೋಡಿದಳು. "ಹಂಗಾದ್ರೆ ಅದು ನೀವು ಮಡಚಿದ್ದಾ ಅಮ್ಮಾ? ಇವತ್ತು ಇಲ್ಲಿಗೆ ಬರೋವರೆಗೂ ನಾನು, ಮುಖ್ಯವಾದ ಪುಟ ಅಂತ ಸರ್ರೇ ಗುರುತು ಮಾಡಿ ಕೊಡ್ತಾರೆ ಅಂದ್ಕೊಂಡಿದ್ದೆ. ಆ ಪುಟಗಳನ್ನೆಲ್ಲ ಬಾಯಿಪಾಠ ಮಾಡ್ಬಿಟ್ಟಿದೀನಿ."

"ಅಯ್ಯೋ ಮಗಳೇ, ಅದು ಹಾಲು ಉಕ್ಕಿದ ಪುಟ ಕಣೇ!" ಎಂದರು ಅಲಮೇಲಮ್ಮ.

ಗುಂಡಣ್ಣ ಗೋಡೆಯ ಗಡಿಯಾರ ನೋಡಿದರು. ಒಂಬತ್ತು ದಾಟಿ ಐದು ನಿಮಿಷ. ಎಂಟೂವರೆಗೆ ಸರಿಯಾಗಿ ಬಾ ಎಂದು ಹೇಳಿಕಳಿಸಿದ್ದು ಅವರೇ. ಹಾಸ್ಟೆಲಿನ ತಿಂಡಿ ಎಂಟೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಎದ್ದು ಒಳಗೆ ಹೋದರು. ಎಲ್ಲಿ ಏನಿದೆಯೆಂದು ಗೊತ್ತಿಲ್ಲದವರು ಪಾತ್ರೆ ತಡಕಾಡುವ ಸದ್ದು ಕೇಳಿಸಿತು. ಅಲಮೇಲಮ್ಮ ಸಹಾಯಕ್ಕೆ ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ತಟ್ಟೆಯೊಂದಿಗೆ ಬಂದರು. ಎರಡು ರೊಟ್ಟಿ, ಅಂಚಿಗೆ ಚಟ್ನಿ, ತಟ್ಟೆಯಡಿ ಹಿಡಿದ ಬೆರಳುಗಳ ನಡುವೆ ಅನುಪಮಾಳ ಕಾರ್ಡು. ಮೇಲಿನ ರೊಟ್ಟಿಯ ಒಂದು ಅಂಚು ಮಡಚಿಕೊಂಡಿತ್ತು. ಗುಂಡಣ್ಣನ ಕೈ ಅಭ್ಯಾಸಬಲದಿಂದ ಅದನ್ನು ಬಿಡಿಸಲು ಹೋಯಿತು, ಅರ್ಧದಲ್ಲೇ ನಿಂತಿತು. ಮಡಚಿದ್ದು ಮಡಚಿದ ಹಾಗೇ ಇರಲೆಂದು ಬಿಟ್ಟು, ತಟ್ಟೆಯನ್ನು ಮೆಲ್ಲಗೆ ಹುಡುಗಿಯ ಕೈಗೆ ಕೊಟ್ಟರು.