ಹೇಳಿಕೊಟ್ಟವರು

ಜೊತೆಯ ಪೌರಕಾರ್ಮಿಕರನ್ನು ಮಲದ ಗುಂಡಿಗೆ ಇಳಿಯಲು ಬಿಡದೆ ಅಡ್ಡ ನಿಂತಿದ್ದಕ್ಕೆ ದುರುಗಪ್ಪನನ್ನು ಠಾಣೆಗೆ ಎಳೆದು ತಂದಿದ್ದರು. ಇನ್‌ಸ್ಪೆಕ್ಟರ್ ಅವನ ಅಂಗಾಲಿಗೆ ಲಾಠಿ ಬೀಸಿದ.

"ಮನುಷ್ಯರನ್ನ ಗುಂಡಿಗೆ ಇಳಿಸಬಾರದು ಅಂತ ಕಾನೂನೈತೆ ಸಾರ್."

"ನಿಂಗೆ ಕಾನೂನು ಹೇಳ್ಕೊಟ್ಟಿದ್ದು ಯಾರೋ?"

ಮುಂದಿನ ಏಟು ಬಾಯಿಗೇ ಬಿತ್ತು. ರಕ್ತದ ಜೊತೆ ಒಂದು ಹಲ್ಲೂ ನೆಲಕ್ಕುರುಳಿತು.

"ಹೆಸರು ಹೇಳು, ಬಿಟ್ಬಿಡ್ತೀನಿ."

"ಹೇಳಿದ್ರೆ ಅವ್ರಿಗೂ ಹಿಂಗೇ ಹೊಡೀತೀರಾ?"

"ಚರ್ಮ ಸುಲೀತೀನಿ."

"ಹಂಗಾದ್ರೆ ನಂಗೇ ಹೊಡೀರಿ ಸಾರ್. ನಿಮ್ಮ ಕೈಲಿ ಆ ಪಾಪ ಮಾಡಿಸಲ್ಲ."

ಲಾಠಿ ಮತ್ತೆ ಮೇಲೆದ್ದಿತು. ಅಷ್ಟರಲ್ಲಿ ಪೇದೆಯೊಬ್ಬ ಬಾಗಿಲಿಗೆ ಬಂದು ತಡವರಿಸಿದ.

"ಸಾರ್, ನಿಮ್ಮ ತಾಯಿಯವ್ರು ಬಂದವ್ರೆ. 'ಕಾನೂನು ಹೇಳ್ಕೊಟ್ಟವಳು ನಾನೇ, ನನ್ನನ್ನೂ ಒಳಗೆ ಹಾಕು' ಅಂತಾವ್ರೆ."