ಗುರುವಾರದ ದನಿ

ಈ ವಾರ ದನಿ ಏನು ಹೇಳಿತು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮೂರು ಗಂಟೆಗೆ ಇನ್ನು ಹತ್ತೇ ನಿಮಿಷ. ಸಿಸ್ಟರ್ ಹೊತ್ತಿಗೆ ಸರಿಯಾಗಿ ಬರುವವರು. ಅವನು ಕೋಣೆಯ ಉದ್ದಕ್ಕೂ ಶತಪಥ ತುಳಿಯುತ್ತ ಏನೋ ಬಾಯಿಪಾಠ ಮಾಡುತ್ತಿದ್ದ.

ಸುಳ್ಳು ಅವನಿಗೆ ಒಗ್ಗಿದ ವಿದ್ಯೆಯಲ್ಲ. ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು, ಚೌಕಟ್ಟಿಗೆ ತಕ್ಕಂತೆ ಗಾಜಿನ ಅಂಚು ಉಜ್ಜುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜು ಕೂರುವುದಿಲ್ಲ. ಸುಳ್ಳಿಗೂ ಅಷ್ಟೇ ನಾಜೂಕು ಬೇಕೆಂದು ತಿಳಿದಿದ್ದ, ಪಾಪ.

ಏಳು ವರ್ಷದ ಹಿಂದೆ ಡಾಕ್ಟರು ಅವನ ಕಾಯಿಲೆಯನ್ನು ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟು ಕರೆದರು. ಆಗ ಗೋಡೆಯೊಳಗಿನಿಂದ ಒಬ್ಬ ಗಂಡಸು ಹಗಲೂ ರಾತ್ರಿ ಅವನನ್ನು ಬಯ್ಯುತ್ತಿದ್ದ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಣ್ಣ ಈ ಬಾಡಿಗೆ ಕೋಣೆ ಹಿಡಿದುಕೊಟ್ಟ. "ಮಕ್ಕಳು ಹೆದರ್ತಾರೆ ಕಣೋ, ಸ್ವಲ್ಪ ದಿನ ಇಲ್ಲಿರು" ಎಂದು ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಸ್ನೇಹಿತರು ಕಂಡೂ ಕಾಣದಂತೆ ರಸ್ತೆ ದಾಟಿದರು. ಅಂಗಡಿಯಲ್ಲಿ ಮಾಲೀಕರು ಅವನೊಡನೆ ಆಡುವ ಮಾತೆಂದರೆ ಗಾಜಿನ ನಂಬರು ಮಾತ್ರ. ಕೊನೆಗೆ ಉಳಿದವರು ಇಬ್ಬರೇ: ಗೋಡೆಯ ಗಂಡಸು, ಮತ್ತು ಮಾನಸಿಕ ಆರೋಗ್ಯ ಕೇಂದ್ರದಿಂದ ಗುರುವಾರ ಗುರುವಾರ ಮನೆಗೆ ಬರುವ ಸಿಸ್ಟರ್.

ಗುಳಿಗೆಯನ್ನು ಅವನು ಒಂದು ದಿನವೂ ತಪ್ಪಿಸಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ನೋಡುತ್ತಾನೆ, ಗೋಡೆ ಬರೀ ಗೋಡೆಯಾಗಿತ್ತು. ವಾರವಾಯಿತು, ಎರಡು ವಾರವಾಯಿತು, ದನಿ ಬರಲೇ ಇಲ್ಲ. ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಒಂದು ಮಾತು ನೆನಪಾಯಿತು. ದನಿ ನಿಂತವರಿಗೆ ಮನೆಭೇಟಿ ಇಲ್ಲ, ಅದು ಕೇಂದ್ರದ ನಿಯಮ. ಸಿಸ್ಟರೂ ಬರದಿದ್ದರೆ 'ಹೇಗಿದ್ದೀಯಪ್ಪ' ಎಂದು ಕೇಳುವ ಜೀವ ಅವನಿಗೆ ಈ ಲೋಕದಲ್ಲಿ ಇನ್ನೊಂದಿರಲಿಲ್ಲ. ಅಂದಿನಿಂದ ನಿಂತುಹೋದ ದನಿಗೆ ತಾನೇ ಬಾಯಾದ.

ಬಾಗಿಲು ಬಡಿದ ಸದ್ದಾಯಿತು.

"ಹೇಗಿದ್ದೀಯಪ್ಪ?" ಸಿಸ್ಟರ್ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತರು. "ಮೂರು ಮಹಡಿ ಹತ್ತೋಷ್ಟರಲ್ಲಿ ಈ ಮಂಡಿ ನನ್ನನ್ನ ಬಯ್ಯತ್ತೆ ನೋಡು, ನಿನ್ನ ದನಿಗಿಂತ ಜೋರಾಗಿ."

ಡ್ಯೂಟಿಯಲ್ಲಿ ಏನೂ ಮುಟ್ಟಬಾರದು ಎಂದು ಮೊದಲೆಲ್ಲ ಚಹಾ ಬೇಡವೆನ್ನುತ್ತಿದ್ದವರು ಈಗೀಗ ಎರಡು ಲೋಟ ಕುಡಿಯುತ್ತಿದ್ದರು. ಸಹಿ ಹಾಕಿಸಿಕೊಳ್ಳುವ ಹಾಳೆ ತರುವುದನ್ನೂ ಬಿಟ್ಟಿದ್ದರು. ಈಗೆಲ್ಲ ಕಂಪ್ಯೂಟರಲ್ಲವೇ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

"ಇದೀನಿ ಸಿಸ್ಟರ್. ದನಿ ಮಾತ್ರ ಬಿಟ್ಟಿಲ್ಲ."

"ಈ ವಾರ ಏನಂತೆ ಅದರದ್ದು?"

ಬಾಯಿಪಾಠ ಕೈಕೊಟ್ಟಿತು. "ಬೆಳಿಗ್ಗೆ ಕೊಟ್ಟಿದ್ದು ಸಂಜೆ ಆದ್ರೂ ರೆಡಿ ಇಲ್ವಾ, ಏನ್ ಮಣ್ಣು ತಿಂತಿದೀಯಾ ಅಂತು."

ಅದು ಹಿಂದಿನ ದಿನ ಗಿರಾಕಿಯೊಬ್ಬ ಬಯ್ದದ್ದು. ಸಿಸ್ಟರ್ ಲೋಟದ ಮೇಲಿಂದ ಅವನನ್ನೇ ನೋಡಿದರು.

"ಓಹೋ. ದನಿ ಕನ್ನಡಕಾನೂ ಮಾಡಿಸ್ಕೊಳ್ತಾ?"

"ಅದಕ್ಕೆ ತಲೆಬುಡ ಎಲ್ಲಿರುತ್ತೆ ಸಿಸ್ಟರ್..."

"ಅದೂ ನಿಜ ಅನ್ನು. ಹಾಗಾದ್ರೆ ಮುಂದಿನ ಗುರುವಾರಾನೂ ಬರಲೇಬೇಕಲ್ಲಪ್ಪ." ಅವರು ಎರಡನೇ ಲೋಟಕ್ಕೆ ಕೈ ಚಾಚಿದರು. ಏಳುವ ಆತುರ ಅವರಲ್ಲಿ ಕಾಣಲಿಲ್ಲ. ವಾರವಾರ ಇಷ್ಟು ಹೇಳಿದರೂ ಡಾಕ್ಟರು ಗುಳಿಗೆ ಹೆಚ್ಚಿಸಿರಲಿಲ್ಲ. ಅದು ತನ್ನ ಅದೃಷ್ಟವೆಂದೇ ಅವನು ನಂಬಿದ್ದ.

ಸೋಮವಾರ ಅಂಗಡಿಗೆ ಒಬ್ಬ ತಾಯಿ ಮಗಳ ಮುರಿದ ಕನ್ನಡಕ ತಂದರು. ಹುಡುಗಿ ಅದನ್ನು ಗೋಡೆಗೆ ಎಸೆದಿದ್ದಳಂತೆ. "ಗೋಡೇಲಿ ಯಾರೋ ಮಾತಾಡ್ತಾರೆ ಅಂತಾಳೆ. ಕೇಂದ್ರದ ಸಿಸ್ಟರ್ ಮನೆಗೆ ಬರೋಕೆ ಆರು ತಿಂಗಳಿಂದ ಸರದೀಲಿ ಇದೀವಿ. ಯಾವ ಪುಣ್ಯಾತ್ಮರು ಗುಣವಾಗಿ ಜಾಗ ಬಿಡ್ತಾರೋ" ಎಂದು ಮಾಲೀಕರ ಹತ್ತಿರ ಹೇಳಿಕೊಂಡರು.

ಒಳಗೆ ಅವನ ಕೈ ನಿಂತಿತು. ಆ ಹುಡುಗಿಯ ಗೋಡೆ ಎಂಥದೆಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಜಾಗ ಹಿಡಿದುಕೊಂಡು ಕೂತ ಮಹಾಪಾಪಿ ತಾನೇ. ತನ್ನ ಒಂಟಿತನ ದೊಡ್ಡದೋ ಅವಳ ಸಂಕಟ ದೊಡ್ಡದೋ ಎಂದು ತೂಗಿ ತೂಗಿ ಮೂರು ದಿನ ಊಟ ಸೇರಲಿಲ್ಲ.

ಗುರುವಾರ ಮಧ್ಯಾಹ್ನ ಕೇಂದ್ರಕ್ಕೇ ಹೋದ. ಸಿಸ್ಟರ ಮುಖ ನೋಡಿದರೆ ಮಾತು ಹೊರಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೌಂಟರಿನಲ್ಲಿದ್ದ ಗುಮಾಸ್ತೆಯ ಮುಂದೆ ತನ್ನ ಚೀಟಿ ಇಟ್ಟ.

"ನನ್ನ ಮನೆಭೇಟಿ ನಿಲ್ಲಿಸಿ ಮೇಡಂ. ಹದಿನಾಲ್ಕು ತಿಂಗಳಿಂದ ನನಗೆ ದನಿ ಬಂದಿಲ್ಲ. ಬರ್ತಿದೆ ಅಂತ ಸುಳ್ಳು ಹೇಳಿದೆ. ನನ್ನ ಸರದೀನ ಬೇರೆ ಒಬ್ಬ ಹುಡುಗೀಗೆ ಕೊಡಿ." ಕನ್ನಡಕ ಮುರಿದ ಹುಡುಗಿಯ ವಿಷಯವನ್ನೂ, ಅಂಗಡಿಯ ರಸೀದಿಯಲ್ಲಿ ನೋಡಿದ್ದ ಅವಳ ಹೆಸರನ್ನೂ ತೊದಲುತ್ತ ಹೇಳಿದ. ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು. ಇನ್ನು ಗುರುವಾರವೆಂದರೆ ಬುಧವಾರದ ಮರುದಿನ, ಅಷ್ಟೇ.

"ಆ ಹುಡುಗೀದು ಬರೋ ವಾರ ಶುರುವಾಗತ್ತೆ, ಆಗಲೇ ಪಟ್ಟೀಲಿದೆ. ಆದ್ರೆ ನಿಮ್ದು..." ಆಕೆ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು.

ಅವನಿಗೆ ಗಾಬರಿಯಾಯಿತು. "ಸಿಸ್ಟರನ್ನ ಏನೂ ಅನ್ನಬೇಡಿ ಮೇಡಂ, ತಪ್ಪೆಲ್ಲ ನಂದೇ. ಪಾಪ, ಅವರಿಗೇನೂ ಗೊತ್ತಿಲ್ಲ."

"ಗೊತ್ತಿಲ್ದೆ ಏನು? 'ದನಿ ಪೂರ್ತಿ ನಿಂತಿದೆ, ಇನ್ನು ಭೇಟಿ ಬೇಕಿಲ್ಲ' ಅಂತ ಬರೆದು ನಿಮ್ಮ ಹೆಸರು ತೆಗೆದಿದ್ದೇ ಅವರು, ಹನ್ನೊಂದು ತಿಂಗಳ ಹಿಂದೆ, ಅವರು ರಿಟೈರ್ ಆದ ದಿನ."