ದೀಪ ಹಿಡಿದವರು

ಬೋರ್ಡಿನ ಮೇಲೆ ‘ಊಳಿಗಮಾನ್ಯ ಪ್ರಭುಗಳು’ ಎಂದು ಬರೆದು ತಿರುಗುವಷ್ಟರಲ್ಲಿ ಅರ್ಧ ತರಗತಿ ಆಕಳಿಸಿತ್ತು. ಕೆಲಸಕ್ಕಾಗಿ ಧರಣಿ ಕೊಡುತ್ತಿದ್ದ ಮೂರನೇ ಡೆಮೊ ಕ್ಲಾಸು ಇದು. ಹಿಂದಿನ ಎರಡು ಕಾಲೇಜಿನವರೂ ‘ನೀವು ಪಾಠ ಮಾಡಲ್ಲಮ್ಮ, ಕಥೆ ಹೇಳ್ತೀರಿ’ ಎಂದು ಸಾಗಹಾಕಿದ್ದರು. ಅದಕ್ಕೇ ಕುವೆಂಪುನಗರದ ಈ ಪಿಯು ಕಾಲೇಜಿಗೆ ಬರುವಾಗ, ಫ್ರಾನ್ಸಿನ ರಾಜರು ಅಧಿಕಾರ ಗಟ್ಟಿಮಾಡಿಕೊಂಡ ಬಗೆಯನ್ನು ಪಾಯಿಂಟು ಪಾಯಿಂಟಾಗಿ ಉರು ಹೊಡೆದು ಬಂದಿದ್ದಳು.

ಕೊನೆಯ ಬೆಂಚಿನಲ್ಲಿ ಕಾಲೇಜಿನ ಕಾರ್ಯದರ್ಶಿ ನಂಜುಂಡಯ್ಯನವರು. ಅವರ ಫೈಲು ಹಿಡಿದುಕೊಂಡು ಬಲಕ್ಕೆ ಇತಿಹಾಸದ ಹರೀಶ್, ನೀರಿನ ಬಾಟಲಿ ಹಿಡಿದುಕೊಂಡು ಎಡಕ್ಕೆ ರಾಜ್ಯಶಾಸ್ತ್ರದ ಕುಮಾರ್. ನಂಜುಂಡಯ್ಯನವರು ಆಗಲೇ ಎರಡು ಸಲ ಗಡಿಯಾರ ನೋಡಿದ್ದರು.

ಹೋಗುವ ಕೆಲಸ ಹೇಗೂ ಹೋಗುತ್ತೆ ಅನ್ನಿಸಿತೋ ಏನೋ, ಧರಣಿ ಬೋರ್ಡು ಒರೆಸಿ ದೊಡ್ಡದಾಗಿ ‘ಪಾಳೇಗಾರರು’ ಎಂದು ಬರೆದಳು.

“ಫ್ರಾನ್ಸಲ್ಲಿ ಪಾಳೇಗಾರರಾ?” ಎಂದರು ಹರೀಶ್. “ಚಿತ್ರದುರ್ಗದಿಂದ ಬಸ್ ಹತ್ತಿದ್ರೇನಮ್ಮ?”

ತರಗತಿ ಘೊಳ್ಳೆಂದಿತು. ಅಂತೂ ಎದ್ದು ಕೂತರಲ್ಲ ಎಂದು ಧರಣಿಗೆ ಧೈರ್ಯ ಬಂತು. “ಅಲ್ಲೇ ಇದ್ರು ಸರ್. ಒಬ್ಬೊಬ್ಬನಿಗೂ ಒಂದು ಕೋಟೆ, ಒಂದು ದಂಡು, ಒಂದು ಮೀಸೆ.”

ಆಮೇಲೆ ಅವಳನ್ನು ತಡೆಯುವವರೇ ಇರಲಿಲ್ಲ. ಹದಿನಾಲ್ಕನೇ ಲೂಯಿ ಇನ್ನೂ ಹುಡುಗನಾಗಿದ್ದಾಗ ಈ ಪ್ರಭುಗಳು ದಂಗೆಯೆದ್ದು, ಅವನು ಅರಮನೆ ಬಿಟ್ಟು ಓಡುವಂತೆ ಮಾಡಿದ್ದನ್ನು ಹೇಳಿದಳು. ಹುಡುಗ ಅದನ್ನು ಮರೆಯಲಿಲ್ಲ. ಬೆಳೆದು ದೊಡ್ಡವನಾದ ಮೇಲೆ ಊರಾಚೆ ಕಣ್ಣು ಕೋರೈಸುವ ಅರಮನೆ ಕಟ್ಟಿಸಿದ. ಮುಂದಿನ ಬೆಂಚಿನ ಲಹರಿಗೆ ತಾಳ್ಮೆ ಕೆಟ್ಟು, ಅಲ್ಲಿಗೆ ಕರೆಸಿ ಎಲ್ಲರ ತಲೆ ತೆಗೆಸಿಬಿಟ್ಟನಾ ಎಂದು ಕೇಳಿದಳು.

ಧರಣಿ ಸೀಮೆಸುಣ್ಣ ಕೆಳಗಿಟ್ಟಳು. ಪಾಳೇಗಾರರ ಕಥೆ ಹೇಳುವಾಗ ಅಜ್ಜಿ ಪುಟ್ಟಮಾದಮ್ಮ ಇದೇ ಜಾಗದಲ್ಲಿ ನಿಲ್ಲಿಸಿ ಎಲೆ ಅಡಿಕೆ ಮೆಲ್ಲುತ್ತಿದ್ದಳು. “ನಮ್ಮಜ್ಜಿ ಹೇಳ್ತಿದ್ರು,” ಎಂದಳು. ಅಜ್ಜಿಯ ಮಾತು ಅಜ್ಜಿಯ ದನಿಯಲ್ಲೇ ಬಂತು: “ಕತ್ತಿ ಇಡ್ದಿರೋನ ಕೈಗೆ ದೀಪ ಕೊಟ್ಬುಡ್ಬೇಕು ಕಣವ್ವ. ಕತ್ತಿ ತಾನಾಗೇ ಬಿದ್ದೋಯ್ತದೆ.”

ಲೂಯಿ ತಲೆ ತೆಗೆಸಲಿಲ್ಲ, ಪ್ರಭುಗಳನ್ನೆಲ್ಲ ಕರೆಸಿ ಅರಮನೆಯಲ್ಲೇ ಇರಿಸಿಕೊಂಡ. ರಾಜ ಮಲಗಲು ಹೊರಟಾಗ ಮೇಣದ ದೀಪ ಹಿಡಿಯುವುದು ಅಲ್ಲಿ ಮಹಾಗೌರವವಾಯಿತು ಎಂದಳು ಧರಣಿ. ಬೆಳಗ್ಗೆ ಅಂಗಿ ಎತ್ತಿಕೊಡುವುದು ಇನ್ನೂ ದೊಡ್ಡದು. ಇವತ್ತು ದೀಪ ನಿನಗೋ ನನಗೋ ಎಂದು ಪ್ರಭುಗಳು ತಮ್ಮತಮ್ಮಲ್ಲೇ ಕಿತ್ತಾಡಿಕೊಂಡರು. ಅತ್ತ ಅವರ ಸೀಮೆಗಳಲ್ಲಿ ರಾಜನ ಅಧಿಕಾರಿ ಕೂತು ಕಂದಾಯ ಎತ್ತಿದ, ಆ ಹಣದಲ್ಲಿ ರಾಜನದೇ ದಂಡು ಬೆಳೆಯಿತು. ಕೋಟೆ ಕಾಯಬೇಕಾದವನು ಅರಮನೆಯಲ್ಲಿ ಮೇಣದ ಬಿಸಿಗೆ ಬೆರಳು ಸುಟ್ಟುಕೊಳ್ಳುತ್ತ ನಿಂತಿದ್ದ. “ಊಳಿಗಮಾನ್ಯ ಹೋಯ್ತು,” ಎಂದಳು, “ಊಳಿಗ ಮಾತ್ರ ಉಳಿಯಿತು.”

ಗಂಟೆ ಹೊಡೆದರೂ ಒಬ್ಬರೂ ಪುಸ್ತಕ ಮುಚ್ಚಲಿಲ್ಲ.

ನಂಜುಂಡಯ್ಯನವರು ಡೆಮೊದ ಅಂಕಪಟ್ಟಿಗೆ ಸಹಿ ಹಾಕಲು ಪೆನ್ನು ತೆಗೆದರು. ಅದು ಜಾರಿ ನೆಲಕ್ಕೆ ಬಿದ್ದು ಮುಚ್ಚಳ ಕಳಚಿಕೊಂಡಿತು. ಹರೀಶ್, ಕುಮಾರ್ ಇಬ್ಬರೂ ಒಟ್ಟಿಗೇ ಬಗ್ಗಿದರು. ತಲೆಗೆ ತಲೆ ಟಣ್ಣೆಂದಿತು.

ಮೊದಲು ನಕ್ಕವಳು ಲಹರಿ, ಆಮೇಲೆ ಇಡೀ ತರಗತಿ. ನಂಜುಂಡಯ್ಯನವರು ನಗು ತಡೆಯಲಾಗದೆ ತಾವೇ ಬಗ್ಗಿ ಪೆನ್ನು ಎತ್ತಿಕೊಂಡು ಸಹಿ ಜಡಿದರು. “ಸೋಮವಾರದಿಂದ ಬಂದ್ಬುಡಿ ಮೇಡಂ. ಅಜ್ಜೀನೂ ಕರ್ಕೊಂಡ್ ಬನ್ನಿ.”

ಹರೀಶರ ಕೈಯಲ್ಲಿ ಪೆನ್ನಿನ ಮುಚ್ಚಳ ಉಳಿದಿತ್ತು. ಅದನ್ನು ಅವರು ಗಾಳಿಗೆ ಆರಿಹೋದೀತೆಂಬಂತೆ ನೆಟ್ಟಗೆ ಹಿಡಿದುಕೊಂಡೇ ನಿಂತಿದ್ದರು.